ಹರಿಗೋಲಿನಿಂದ ಕಂಡ ಕಡಲು

ಓದುಗರ ಪತ್ರ: ‘ಹರ್ಮನ್ ಮೆಲ್ವಿಲ್‌ನ “ಮೊಬಿ ಡಿಕ್” ಓದುತ್ತಿದ್ದೇನೆ. ತಿಮಿಂಗಿಲದ ಬೇಟೆಯ ಅಧ್ಯಾಯಗಳಲ್ಲಿ ಕಣ್ಣಿಗೆ ಏನೂ ಕಟ್ಟುತ್ತಿಲ್ಲ. ಕೆಆರ್‌ಎಸ್ ಹಿನ್ನೀರಿಗಿಂತ ದೊಡ್ಡ ನೀರನ್ನು ನಾನು ಕಂಡಿಲ್ಲ. ಇಂಥ ದೃಶ್ಯಗಳಿಗೆ ಹೊಂದುವ ವರ್ಣಚಿತ್ರಗಳನ್ನು ಹುಡುಕುವುದು ಹೇಗೆ?’ – ಓದುಗರು, ಮಂಡ್ಯ

ಸಂಪಾದಕರ ಉತ್ತರ: ನಿಮ್ಮ ಕಷ್ಟ ಮೆಲ್ವಿಲ್‌ಗೂ ಗೊತ್ತಿತ್ತು. 1851ರ ಆ ಕಾದಂಬರಿಯಲ್ಲಿ 55ರಿಂದ 57ರವರೆಗಿನ ಮೂರು ಅಧ್ಯಾಯಗಳು ತಿಮಿಂಗಿಲದ ಚಿತ್ರಗಳ ಬಗ್ಗೆಯೇ ಇವೆ. ಮೊದಲನೆಯದರಲ್ಲಿ ತಪ್ಪು ಚಿತ್ರಗಳನ್ನು ಒಂದೊಂದಾಗಿ ಹಿಡಿದು ಝಾಡಿಸುತ್ತಾನೆ. ಮುಂದಿನದರಲ್ಲಿ ಫ್ರಾನ್ಸಿನ ಚಿತ್ರಕಾರ ಗಾರ್ನರೆಯನ್ನು ಮನಸಾರೆ ಹೊಗಳುತ್ತಾನೆ. ಗಾರ್ನರೆ ಸ್ವತಃ ನಾವಿಕನಾಗಿದ್ದವನು. ಹಾಗಾಗಿ ನಿಮ್ಮ ಹುಡುಕಾಟ ಆ ಹೆಸರಿನಿಂದಲೇ ಶುರುವಾಗಲಿ.

ಎರಡನೆಯ ಹೆಸರು ಇಂಗ್ಲೆಂಡಿನ ಟರ್ನರ್. ತಿಮಿಂಗಿಲ ಬೇಟೆಯ ಹಡಗಿನಲ್ಲಿ ವೈದ್ಯನಾಗಿದ್ದ ಥಾಮಸ್ ಬೀಲ್ 1839ರಲ್ಲಿ ತಿಮಿಂಗಿಲದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಟರ್ನರ್ ಅದನ್ನು ಓದಿ ತಿಮಿಂಗಿಲ ಬೇಟೆಯ ಚಿತ್ರಗಳ ಸರಣಿಯನ್ನೇ ಬರೆದ, ಮೆಲ್ವಿಲ್ ಅದನ್ನೇ ಓದಿ ಕಾದಂಬರಿ ಬರೆದ. ಟರ್ನರ್‌ನ ಚಿತ್ರಗಳಿಗೆ ಈ ಪುಸ್ತಕವೇ ಪ್ರೇರಣೆ ಎಂದು ಮೆಲ್ವಿಲ್ ತನ್ನ ಪ್ರತಿಯಲ್ಲಿ ಗುರುತು ಹಾಕಿಕೊಂಡಿದ್ದ. ಒಂದೇ ಬಾವಿಯಿಂದ ಇಬ್ಬರೂ ಸೇದಿದ ನೀರು! ಆ ಸರಣಿಯ ‘ವೇಲರ್ಸ್’ ಎಂಬ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅದರ ದೊಡ್ಡ ಪ್ರತಿಯನ್ನು ಅವರ ಜಾಲತಾಣದಿಂದ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಎಡಕ್ಕೆ ಕಪ್ಪಾಗಿ ಎದ್ದ ತಿಮಿಂಗಿಲ, ಹಿಂದೆ ಮಂಜಿನಲ್ಲಿ ಕರಗಿದ ಬಿಳಿ ಹಾಯಿ. ಗೆರೆ ಸ್ಪಷ್ಟವಿಲ್ಲವೆಂದು ಬೇಸರಪಡಬೇಡಿ. ನೊರೆ ಮುಖಕ್ಕೆ ಎರಚುವಾಗ ದೋಣಿಯಲ್ಲಿದ್ದವನಿಗೂ ಅಷ್ಟೇ ಕಾಣುವುದು.

ಹುಡುಕುವಾಗ ‘ಹಡಗು’, ‘ಬಿರುಗಾಳಿ’ ಎಂದಷ್ಟೇ ಹುಡುಕಿದರೆ ಸಾವಿರ ಚಿತ್ರ ಬಂದು ಬೀಳುತ್ತವೆ. ಕಥೆ ಹೇಳುವವನ ಕಣ್ಣು ಎಲ್ಲಿದೆ, ಯಾವ ಗಳಿಗೆಯಲ್ಲಿದೆ ಎಂದು ಮೊದಲು ಕೇಳಿಕೊಳ್ಳಿ. ಕಾವೇರಿಯಲ್ಲಿ ಹರಿಗೋಲು ಹತ್ತಿದ್ದೀರಲ್ಲ? ಕೂತರೆ ಕಣ್ಣು ನೀರಿನಿಂದ ಒಂದು ಗಜ ಮೇಲಿದ್ದರೆ ಹೆಚ್ಚು. ಆ ಎತ್ತರದಲ್ಲಿ ಮೊಳದುದ್ದದ ಅಲೆಯೂ ಎದುರು ದಡವನ್ನು ಅಲುಗಾಡಿಸುತ್ತದೆ. ಬೇಟೆ ದೋಣಿಯವನ ಎತ್ತರವೂ ಸರಿಸುಮಾರು ಅದೇ. ಹಾಯಿ ಕಟ್ಟುವ ಕೂವೆಮರದ ತುದಿಯಿಂದ ನೋಡಿದಂತೆ ಬರೆದ ಚಿತ್ರ ಎಷ್ಟೇ ಚೆನ್ನಾಗಿರಲಿ, ಆ ಪುಟಕ್ಕೆ ಒಗ್ಗುವುದಿಲ್ಲ.

ಗಳಿಗೆಯ ಮಾತಿಗೆ ಫ್ರಾನ್ಸಿನ ಚಿತ್ರಕಾರ ಗೆರಿಕೋನ ‘ಮೆಡೂಸದ ತೆಪ್ಪ’ ನೋಡಿ. 1816ರಲ್ಲಿ ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ಮೆಡೂಸ ಎಂಬ ಫ್ರೆಂಚ್ ಹಡಗು ಮರಳದಿಬ್ಬಕ್ಕೆ ಸಿಕ್ಕಿತು. ತರಾತುರಿಯಲ್ಲಿ ಕಟ್ಟಿದ ತೆಪ್ಪದ ಮೇಲೆ ಸುಮಾರು 147 ಜನ. 13 ದಿನಗಳ ಮೇಲೆ ಜೀವಂತ ಸಿಕ್ಕವರು 15. ಗೆರಿಕೋ ಹಡಗು ಒಡೆದದ್ದನ್ನು ಬರೆಯಲಿಲ್ಲ. ದೂರದಲ್ಲೊಂದು ಹಾಯಿ ಕಂಡು ಅವರು ಬಟ್ಟೆ ಬೀಸುವ ಗಳಿಗೆಯನ್ನು ಬರೆದ. ಏಳು ಮೀಟರ್ ಅಗಲದ ಕ್ಯಾನ್ವಾಸಿನಲ್ಲಿ ಆ ಹಾಯಿ ಸಾಸಿವೆಯಷ್ಟು. ಕಡಲ ಕಾದಂಬರಿಗಳಲ್ಲಿ ‘ಅದೋ ಹಡಗು!’ ಎಂಬ ಕೂಗು ಬಂದಾಗಲೆಲ್ಲ ನನಗೆ ಆ ಚುಕ್ಕಿಯೇ ನೆನಪಾಗುತ್ತದೆ.

ಇನ್ನು, ಪುಸ್ತಕ ಚೀಲದಲ್ಲಿಟ್ಟುಕೊಂಡು ಒಂದು ಬೆಳಿಗ್ಗೆ ಮೈಸೂರಿನ ಬಸ್ ಹತ್ತಿ. ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ರಾಜಾ ರವಿವರ್ಮ 1906ರಲ್ಲಿ ಬರೆದ ಶ್ರೀರಾಮ ಸಮುದ್ರರಾಜನ ಗರ್ವ ಮುರಿಯುವ ಚಿತ್ರವಿದೆ. ಬಂಡೆಯ ಮೇಲೆ ಬಿಲ್ಲು ಹಿಡಿದ ರಾಮ, ಕೆಳಗೆ ಉಕ್ಕುವ ಕಡಲು. ಅದರಲ್ಲಿ ಹಡಗಿಲ್ಲ, ತಿಮಿಂಗಿಲವೂ ಇಲ್ಲ. ಆದರೆ ನೀರಿನ ಮೇಲೆಯೇ ಮುನಿದು ನಿಂತ ಮನುಷ್ಯನ ಮೈಬಿಗಿ ಹೇಗಿರುತ್ತದೆಂದು ಅಲ್ಲಿ ಕಾಣುತ್ತದೆ. ಮೊಬಿ ಡಿಕ್ ಎಂಬ ತಿಮಿಂಗಿಲದ ಬೆನ್ನು ಹತ್ತಿದ ಕ್ಯಾಪ್ಟನ್ ಅಹಾಬ್‌ನ ಸಿಟ್ಟಿಗೆ ನಮ್ಮೂರಲ್ಲಿ ಇದಕ್ಕಿಂತ ಹತ್ತಿರದ ಚಿತ್ರ ನನಗೆ ಸಿಕ್ಕಿಲ್ಲ. ರಾಮನಿಗೆ ಕಡಲು ಮಣಿಯಿತು. ಅಹಾಬ್‌ಗೆ ಏನಾಯಿತೆಂದು ನಾನು ಹೇಳುವುದಿಲ್ಲ. ಚಿತ್ರ ನೋಡಿ ಹೊರಬಂದು, ನೆರಳಿರುವ ಕಡೆ ಕೂತು 135ನೆಯ ಅಧ್ಯಾಯ ತೆರೆಯಿರಿ.