ಇಸ್ಲಾಮಿನಲ್ಲಿ ಸುಧಾರಣೆ ಒಳಗಿನಿಂದ ಬರಬೇಕೇ, ಸರ್ಕಾರದ ಕಾನೂನಿನಿಂದಲೇ?

ಈ ಒಳಗು–ಹೊರಗಿನ ಲೆಕ್ಕ ನಂಬಿಯೇ ನಾನು ಕೈಸುಟ್ಟುಕೊಂಡೆ. ನಿಮ್ಮ ಅಕ್ಕನ ತಲಾಖ್ ವಿಷಯ ಜಮಾತಿನ, ಅಂದರೆ ಮಸೀದಿಯ ಹಿರಿಯರ ಸಮಿತಿಯ ಮುಂದಿದೆ ಎಂದು ಬರೆದಿದ್ದೀರಿ, ಅದಕ್ಕೇ ಉತ್ತರಿಸುತ್ತಿದ್ದೇನೆ.

ನನಗೆ ತಲಾಖ್ ಆದಾಗ ನಾನೇನು ಓದುಬರಹ ಇಲ್ಲದವಳಲ್ಲ. ಸುಧಾರಣಾವಾದಿ ಮುಸ್ಲಿಂ ಚಿಂತಕ ಅಸ್ಗರ್ ಅಲಿ ಇಂಜಿನಿಯರ್ ಅವರ ಲೇಖನಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ತಲಾಖ್ ಆದ ಹೆಂಗಸರಿಗೆ ನ್ಯಾಯವಾಗಿ ಜೀವನಾಧಾರ ಕೊಡಬೇಕೆನ್ನುವ ಕುರ್‌ಆನಿನ 2:241ನೇ ವಚನ ಬಾಯಿಪಾಠವಾಗಿತ್ತು. ತಲಾಖ್ ಆದ ಶಾ ಬಾನೊ ಎಂಬ ಹೆಂಗಸಿಗೆ ಜೀವನಾಂಶ ಕೊಡಿಸಿದ 1985ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದೇ ವಚನವನ್ನು ಉಲ್ಲೇಖಿಸಿತ್ತು. ಗದ್ದಲವೆದ್ದು ಮರುವರ್ಷ ಸರ್ಕಾರ ಬೇರೆ ಕಾಯ್ದೆಯನ್ನೇ ತಂದಿತು. ಹಾಗಾಗಿ ಕೋರ್ಟಿನ ಸಹವಾಸವೇ ಬೇಡ, ಧರ್ಮದ ಮಾತನ್ನು ಧರ್ಮದವರ ಮುಂದೆಯೇ ಆಡಿ ಗೆಲ್ಲುತ್ತೇನೆ ಎಂದು ಹೊರಟೆ.

ಮಸೀದಿಯ ಪಕ್ಕದ ಕಚೇರಿಯಲ್ಲಿ ಹಿರಿಯರು ನನ್ನ ವಾದವನ್ನೆಲ್ಲ ಕೇಳಿಸಿಕೊಂಡರು, ಚಹಾ ತರಿಸಿದರು, ಆಮೇಲೆ ಛಾಪಾ ಕಾಗದವೊಂದನ್ನು ನನ್ನತ್ತ ಸರಿಸಿದರು. ಮಹರ್ (ಮದುವೆಯ ಕರಾರಿನಂತೆ ಗಂಡ ಹೆಂಡತಿಗೆ ಕೊಡಬೇಕಾದದ್ದು) ಮತ್ತು ಇದ್ದತ್ (ತಲಾಖ್ ಆದ ಮೇಲೆ ಹೆಂಗಸು ಮರುಮದುವೆಯಾಗದೆ ಕಾಯುವ ಅವಧಿ) ಖರ್ಚು ಮುಟ್ಟಿದೆ, ಇನ್ನು ಯಾವ ತಕರಾರೂ ಇಲ್ಲ ಎಂದು ಅದರಲ್ಲಿತ್ತು. ಸಹಿ ಹಾಕಿದೆ.

ಜಮಾತಿಗೆ ಹೋದದ್ದು ತಪ್ಪಲ್ಲ. ಕಾಯ್ದೆಯನ್ನು ತೆರೆದೂ ನೋಡದೆ ಹೋದದ್ದು ತಪ್ಪು. 1986ರ ಕಾಯ್ದೆ ಎಂದರೆ ಇದ್ದತ್ತಿನ ಮೂರು ತಿಂಗಳ ಖರ್ಚು, ಅಷ್ಟೇ ಎಂದು ಊರೆಲ್ಲ ಹೇಳುತ್ತಿತ್ತು. ಆದರೆ 2001ರಲ್ಲೇ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬೇರೆಯಾಗಿ ಅರ್ಥೈಸಿತ್ತು. ಇದ್ದತ್ ಎಂಬುದು ಹಣ ಕೊಡಲು ಗಂಡನಿಗಿರುವ ಗಡುವು. ಆ ಹಣ ಅವಳ ಮುಂದಿನ ಬದುಕಿಗೂ ಆಗಬೇಕು. ನಾನು ಚಹಾ ಕುಡಿಯುತ್ತ ಯಾಚಿಸುತ್ತಿದ್ದದ್ದು ಆಗಲೇ ನನ್ನ ಹಕ್ಕಾಗಿತ್ತು! ಕೊನೆಗೆ ಕೋರ್ಟಿಗೆ ಹೋದಾಗ ಎದುರು ಪಕ್ಷದ ವಕೀಲರು ಹೆಚ್ಚೇನೂ ಶ್ರಮಪಡಲಿಲ್ಲ, ಆ ಕಾಗದವನ್ನು ಹಾಜರುಪಡಿಸಿದರು. ವಾಯಿದೆಯ ಮೇಲೆ ವಾಯಿದೆ ಬಿದ್ದು, ಅಲೆದು ಸುಸ್ತಾಗಿ, ಸಿಕ್ಕಷ್ಟಕ್ಕೆ ರಾಜಿಯಾದೆ.

ಒಳಗಿನದು ಯಾವುದು, ಹೊರಗಿನದು ಯಾವುದು, ನೀವೇ ಹೇಳಿ. ಬ್ರಿಟಿಷರ ಕಾಲದ ಪಂಜಾಬಿನಲ್ಲಿ ಗಂಡನಿಂದ ಬಿಡುಗಡೆ ಸಿಗದ ಹೆಂಗಸರು, ಹಾಗಾದರೂ ಮದುವೆ ಮುರಿಯಲೆಂದು ಧರ್ಮವನ್ನೇ ಬಿಡತೊಡಗಿದ್ದರು. ಆಗ ಹನಫಿ ಎಂಬ ನ್ಯಾಯಪಂಥದ ಧರ್ಮಪಂಡಿತ ಅಶ್ರಫ್ ಅಲಿ ಥಾನವಿ ಇಸ್ಲಾಮಿನದೇ ಇನ್ನೊಂದು ನ್ಯಾಯಪಂಥವಾದ ಮಾಲಿಕಿಯ ನಿಯಮಗಳಿಂದ ದಾರಿ ಹುಡುಕಿದರು. ಅವರನ್ನು ಪ್ರಗತಿಪರರೆಂದು ಯಾರೂ ಕರೆಯಲಾರರು. ಆ ದಾರಿಯೇ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಗೆ ಒಯ್ದಿತು: ಎರಡು ವರ್ಷ ಗಂಡ ಅನ್ನಬಟ್ಟೆ ನೋಡದಿದ್ದರೆ ಹೆಂಡತಿ ಬಿಡುಗಡೆ ಕೇಳಬಹುದು. ತೀರ್ಪು ಕೊಡುವವರು ಮುಸ್ಲಿಂ ನ್ಯಾಯಾಧೀಶರೇ ಆಗಿರಬೇಕೆಂಬ ಉಲೇಮಾಗಳ (ಧರ್ಮಪಂಡಿತರ) ಬೇಡಿಕೆಯನ್ನು ಮಾತ್ರ ಶಾಸನಸಭೆ ಒಪ್ಪಲಿಲ್ಲ.

ಹಾಗೆಂದು ಸರ್ಕಾರ ತಂದದ್ದೆಲ್ಲ ಸುಧಾರಣೆಯೂ ಅಲ್ಲ. ಒಂದೇ ಉಸಿರಿನ ಮೂರು ತಲಾಖ್ 2017ರಲ್ಲೇ ಅಸಿಂಧುವಾಗಿತ್ತು. 2019ರ ಕಾಯ್ದೆ ಅದಕ್ಕೆ ಮೂರು ವರ್ಷದವರೆಗಿನ ಜೈಲು ಸೇರಿಸಿತು. ಜೈಲಿನಲ್ಲಿ ಕೂತವನು ಜೀವನಾಂಶ ಎಲ್ಲಿಂದ ತರುತ್ತಾನೆ?

ಅಕ್ಕನ ಮಾತುಕತೆ ಜಮಾತಿನಲ್ಲಿ ನಡೆಯುವುದಾದರೆ ನಡೆಯಲಿ. ವಕೀಲರು ಓದುವ ತನಕ ಯಾವ ಕಾಗದಕ್ಕೂ ಸಹಿ ಬೇಡ. ವಿಚ್ಛೇದಿತ ಮುಸ್ಲಿಂ ಮಹಿಳೆ ಎಲ್ಲರಿಗೂ ಅನ್ವಯಿಸುವ ಕಾನೂನಿನಡಿಯೂ ಜೀವನಾಂಶ ಕೇಳಬಹುದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಶುಲ್ಕದ ಚಿಂತೆಯಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಲಿ. ಮಹಿಳೆಯರಿಗೆ ಅಲ್ಲಿ ವಕೀಲರು ಉಚಿತ.