ಎಲ್ಲರ ಉಸಿರೂ ಇಪ್ಪತ್ತೇ?

ಆಸ್ಪತ್ರೆಗಳಲ್ಲಿ ಸಿಗುವ ಚಿಕಿತ್ಸೆಯ ಗುಣಮಟ್ಟವನ್ನು ಅಳೆಯುವುದು ನನ್ನ ಕಸುಬು ಎಂದು ಕಳೆದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳೇ ಈ ಸಲದ ಪುಟಗಳನ್ನು ತುಂಬಿವೆ. ನಾನು ವೈದ್ಯೆಯಲ್ಲ, ಸಂಶೋಧಕಿ. ಮಂಡಿನೋವಿಗೆ ಔಷಧ ಕೇಳಿ ಬರೆದ ಮೂವರು ದಯವಿಟ್ಟು ಕ್ಷಮಿಸಬೇಕು.

ಪ್ರಶ್ನೆ: ಒಂದು ಆಸ್ಪತ್ರೆಯಲ್ಲಿ ನೂರಕ್ಕೆ ಐದಾರು ರೋಗಿಗಳು ಸಾಯುತ್ತಾರೆ, ಇನ್ನೊಂದರಲ್ಲಿ ಎರಡೋ ಮೂರೋ. ಎರಡನೆಯದೇ ಮೇಲು ಎಂದು ಹೇಳಲು ಸಂಶೋಧನೆ ಯಾಕೆ ಬೇಕು? ಭಾಗಾಕಾರ ಸಾಲದೇ? (ನಿವೃತ್ತ ಗಣಿತ ಶಿಕ್ಷಕರೊಬ್ಬರು)

ಉತ್ತರ: ಮೇಷ್ಟರೇ, ನಿಮಗೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ. ಮೊದಲ ಆಸ್ಪತ್ರೆಗೆ 900 ಗಂಭೀರ ರೋಗಿಗಳು ಬಂದರು, 54 ಮಂದಿ ತೀರಿಕೊಂಡರು. ಸಾಧಾರಣ ಕಾಯಿಲೆಯವರು 100 ಮಂದಿ ಬಂದರು, ಒಬ್ಬರು ತೀರಿಕೊಂಡರು. ಎರಡನೆಯದಕ್ಕೆ ಬಂದ ಗಂಭೀರ ರೋಗಿಗಳು 100, ಸಾವು 8. ಸಾಧಾರಣ ರೋಗಿಗಳು 900, ಸಾವು 18. ಒಟ್ಟು ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಶೇ 5.5, ಎರಡನೆಯದರಲ್ಲಿ ಶೇ 2.6. ಈಗ ಬಿಡಿಬಿಡಿಯಾಗಿ ನೋಡಿ: ಗಂಭೀರ ರೋಗಿಗಳ ಸಾವು ಶೇ 6 ಮತ್ತು 8, ಸಾಧಾರಣ ರೋಗಿಗಳ ಸಾವು ಶೇ 1 ಮತ್ತು 2. ಎರಡರಲ್ಲೂ ಮೊದಲನೆಯದೇ ಮೇಲು. ಕಷ್ಟದ ರೋಗಿಗಳನ್ನು ಸೇರಿಸಿಕೊಂಡ ತಪ್ಪಿಗೆ ಅದಕ್ಕೆ ಕೆಟ್ಟ ಹೆಸರು.

ಛೇದದಲ್ಲಿ ಎಡವಿದವರಲ್ಲಿ ದೊಡ್ಡವರೂ ಇದ್ದಾರೆ. ಫ್ಲಾರೆನ್ಸ್ ನೈಟಿಂಗೇಲ್ 1863ರಲ್ಲಿ ಲಂಡನ್ನಿನ 24 ಆಸ್ಪತ್ರೆಗಳ ಸಾವಿನ ಪ್ರಮಾಣ ಶೇ 90.84 ಎಂದು ಅಚ್ಚು ಹಾಕಿಸಿದರು. ಇಡೀ ವರ್ಷದ ಸಾವುಗಳನ್ನು, ಆ ವರ್ಷದ ಒಂದೇ ಒಂದು ದಿನ ಹಾಸಿಗೆಯಲ್ಲಿದ್ದವರ ಸಂಖ್ಯೆಯಿಂದ ಭಾಗಿಸಿದ್ದರಿಂದ ಬಂದ ಉತ್ತರ ಅದು. ಆ ಕಾಲದ ವೈದ್ಯ ಪತ್ರಿಕೆಗಳು ಅವರನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡವು. ಹಾಗಿದ್ದೂ ಆಸ್ಪತ್ರೆಗಳು ಸಾವುಗಳನ್ನು ಒಂದೇ ಕ್ರಮದಲ್ಲಿ ಎಣಿಸಿ ಹೇಳಬೇಕೆಂದು ಹಟ ಹಿಡಿದವರೂ ಅವರೇ. ತಪ್ಪಾಗಿ ಎಣಿಸಿದ ಅವರ ಮೇಲೆ ನನಗೆ ಗೌರವ ಇದೆ. ಎಣಿಸಲೇ ಬಾರದು ಎನ್ನುವವರ ಮೇಲೆ ಇಲ್ಲ.

ಪ್ರಶ್ನೆ: ಹತ್ತಿರದಲ್ಲಿ ಆಸ್ಪತ್ರೆಯೇ ಇಲ್ಲದವರು ಎಷ್ಟೋ ಮಂದಿ ಇರುವಾಗ ಗುಣಮಟ್ಟದ ಮಾತು ಉಳ್ಳವರ ಹರಟೆಯಲ್ಲವೇ? (ವಿದ್ಯಾರ್ಥಿಯೊಬ್ಬರು)

ಉತ್ತರ: ನಾನೂ ಹಾಗೆಯೇ ಅಂದುಕೊಂಡಿದ್ದೆ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಡ ಮತ್ತು ಮಧ್ಯಮ ಆದಾಯದ 137 ದೇಶಗಳ ಅಂದಾಜು ಪ್ರಕಟವಾಯಿತು. ಚಿಕಿತ್ಸೆಯಿಂದ ತಪ್ಪಿಸಬಹುದಾಗಿದ್ದ ಸಾವುಗಳು ವರ್ಷಕ್ಕೆ ಸುಮಾರು 86 ಲಕ್ಷ. ಅದರಲ್ಲಿ ಚಿಕಿತ್ಸೆ ಪಡೆಯದೇ ಸತ್ತವರು 36 ಲಕ್ಷ, ಚಿಕಿತ್ಸೆ ಪಡೆದೂ ಅದು ಸರಿಯಿಲ್ಲದ್ದರಿಂದ ಸತ್ತವರು 50 ಲಕ್ಷ. ಬಾಗಿಲಾಚೆ ಸತ್ತವರಿಗಿಂತ ಒಳಗೆ ಹೋಗಿ ಸತ್ತವರು ಹೆಚ್ಚು. ಹರಟೆ ಹೌದೋ ಅಲ್ಲವೋ ನೀವೇ ಹೇಳಿ.

ಪ್ರಶ್ನೆ: ನೀವು ಬರುತ್ತೀರಿ, ಕಡತ ನೋಡುತ್ತೀರಿ, "ದಾಖಲಾಗಿಲ್ಲ" ಎಂದು ಬರೆದು ಹೋಗುತ್ತೀರಿ. ನಾವು ಮಾಡುವ ಕೆಲಸ ಹಾಸಿಗೆಯ ಪಕ್ಕದಲ್ಲಿರುತ್ತದೆ, ಕಡತದಲ್ಲಲ್ಲ. ಒಂದು ರಾತ್ರಿಯಾದರೂ ವಾರ್ಡಿನಲ್ಲಿ ಕಳೆದಿದ್ದೀರಾ? (ಶುಶ್ರೂಷಕಿಯೊಬ್ಬರು)

ಉತ್ತರ: ಕಳೆದಿದ್ದೇನೆ. ಸ್ವಂತ ಇಚ್ಛೆಯಿಂದಲ್ಲ, ಎಳೆದುಕೊಂಡು ಹೋದದ್ದರಿಂದ.

ವೃತ್ತಿಯ ಮೊದಲ ವರ್ಷಗಳ ಮಾತು. ವಾರ್ಡಿನಲ್ಲಿದ್ದು ಸ್ಥಿತಿ ಬಿಗಡಾಯಿಸಿ ತುರ್ತು ನಿಗಾ ಘಟಕಕ್ಕೆ ಸಾಗಿಸಿದ ಅರವತ್ತು ರೋಗಿಗಳ ಕಡತಗಳನ್ನು ದಾಖಲೆ ಕೊಠಡಿಯ ನೆಲದ ಮೇಲೆ ಹರಡಿಕೊಂಡು ಕುಳಿತಿದ್ದೆ. ಮನುಷ್ಯ ಕುಸಿಯುವುದಕ್ಕೆ ಎಷ್ಟೋ ಗಂಟೆ ಮೊದಲೇ ಉಸಿರಾಟದ ವೇಗ ಏರತೊಡಗುತ್ತದೆ. ಆ ಏರಿಕೆ ಯಾರ ಕಣ್ಣಿಗಾದರೂ ಬಿದ್ದಿತ್ತೇ ಎಂದು ಹುಡುಕುತ್ತಿದ್ದೆ. ಮೊದಲ ಕಡತದಲ್ಲಿ ನಿಮಿಷಕ್ಕೆ ಎಷ್ಟು ಉಸಿರು ಎಂಬ ಲೆಕ್ಕ: ಬೆಳಿಗ್ಗೆ 20, ಮಧ್ಯಾಹ್ನ 20, ಸಂಜೆ 20, ರಾತ್ರಿ 20. ಎರಡನೆಯದೂ 20. ಹದಿಹರೆಯದ ಹುಡುಗನಿಗೂ ಎಂಬತ್ತರ ಅಜ್ಜಿಗೂ 20. ನ್ಯುಮೋನಿಯಾ ಆಗಿದ್ದವರಿಗೂ 20, ಮರುದಿನ ಬೆಳಗಿನ ಜಾವ ಓಡಿಸಿಕೊಂಡು ಹೋಗುವ ತನಕ. ಅರವತ್ತು ಮಂದಿ ಲೋಲಕ ಕಟ್ಟಿಕೊಂಡು ಉಸಿರಾಡಿದ ಹಾಗೆ. ನಾಡಿ, ರಕ್ತದೊತ್ತಡ ಎಲ್ಲ ಒಂದೊಂದು ಥರ ಇದ್ದವು. ಯಂತ್ರ ಹೇಳಿದ್ದನ್ನು ಬರೆದುಕೊಂಡಿದ್ದರು. ಕಣ್ಣಿಟ್ಟು ಎಣಿಸಬೇಕಾದದ್ದು ಮಾತ್ರ ಇಪ್ಪತ್ತು.

ಸಿಟ್ಟಿನಲ್ಲೇ ವರದಿ ಬರೆದೆ. "ನಿರ್ಲಕ್ಷ್ಯ" ಎಂಬ ಪದವನ್ನು ಎರಡು ಸಲ ಬಳಸಿದ್ದೆ. ಮುಖ್ಯ ಶುಶ್ರೂಷಕಿ ಅದನ್ನು ಓದಿ ಏನೂ ಹೇಳಲಿಲ್ಲ. "ಇವತ್ತು ರಾತ್ರಿ ಪಾಳಿಗೆ ಬನ್ನಿ, ಗಡಿಯಾರ ಕಟ್ಟಿಕೊಂಡು ಬನ್ನಿ" ಎಂದರು, ಅಷ್ಟೇ.

ಹೋದೆ. 34 ಹಾಸಿಗೆ, ಒಬ್ಬರೇ ಶುಶ್ರೂಷಕಿ, ಸಹಾಯಕ್ಕೆ ಒಬ್ಬ ಆಯಾ. ಒಬ್ಬ ರೋಗಿಯ ನಾಡಿ, ಒತ್ತಡ, ಜ್ವರ ನೋಡಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ, ಬರೆದು, ಕೈ ತೊಳೆದು ಮುಂದಿನ ಹಾಸಿಗೆಗೆ ಹೋಗಲು ಐದು ನಿಮಿಷ ಬೇಕಾಯಿತು. 34 ಐದಲೆ 170. ಮೂರು ಗಂಟೆಗೆ ಹತ್ತು ನಿಮಿಷ ಕಡಿಮೆ. ನಾಲ್ಕು ಗಂಟೆಗೊಮ್ಮೆ ಈ ಸುತ್ತು ಮುಗಿಸಬೇಕು. ನಡುವೆ ಡ್ರಿಪ್ ಬದಲಿಸುವುದು, ಚುಚ್ಚುಮದ್ದು, ಮಂಚದಿಂದ ಇಳಿಯಲು ಹೊರಟ ಅಜ್ಜನನ್ನು ಮತ್ತೆ ಮಲಗಿಸುವುದು, ಮೂರು ಸಲ ಹೊಡೆದುಕೊಂಡ ದೂರವಾಣಿ. ಎರಡನೆಯ ಸುತ್ತಿನ ಹನ್ನೊಂದನೆಯ ಹಾಸಿಗೆಯ ಹತ್ತಿರ ಅವರು ನನ್ನ ಮುಖ ನೋಡಿಕೊಂಡೇ "20" ಎಂದು ಬರೆದರು. ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಲಿಲ್ಲ.

ಚಿಕಿತ್ಸೆಯ ಗುಣಮಟ್ಟವನ್ನು ಅಧ್ಯಯನ ಮಾಡಿದ ವೈದ್ಯ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಬರೆದ ಒಂದು ಪ್ರಬಂಧ ನಮ್ಮ ಶಾಸ್ತ್ರಕ್ಕೆ ತಳಪಾಯ. ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬಹುದು ಎಂದರು ಅವರು: ಏನೇನು ಇದೆ, ಏನು ಮಾಡಿದರು, ಏನಾಯಿತು. ರಚನೆ, ಪ್ರಕ್ರಿಯೆ, ಫಲಿತ. ಪರೀಕ್ಷೆಗೆ ಉರು ಹೊಡೆದಿದ್ದೆ. ಆ ಅರವತ್ತು ಕಡತಗಳಲ್ಲಿ ನಾನು ಪ್ರಕ್ರಿಯೆಯನ್ನು ಹಿಡಿದು ಗದರಿಸುತ್ತಿದ್ದೆ, ರಚನೆ ವಾರ್ಡಿನಲ್ಲಿ ಒಂಟಿಯಾಗಿ ಓಡಾಡುತ್ತಿತ್ತು. ವರದಿಯನ್ನು ಮತ್ತೆ ಬರೆದೆ. "ನಿರ್ಲಕ್ಷ್ಯ" ಹೋಯಿತು, 170 ನಿಮಿಷ ಬಂತು.

ಹಾಗೆಂದು ನಿಮ್ಮ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಎಣಿಸಲು ಆಗದಿದ್ದರೆ ಆ ಅಂಕಣವನ್ನು ಖಾಲಿ ಬಿಡಿ. ಖಾಲಿ ಅಂಕಣ ಕಂಡರೆ ಬೆಳಿಗ್ಗೆ ಬರುವ ವೈದ್ಯರು ತಾವೇ ಎಣಿಸಬಹುದು. 20 ಕಂಡರೆ ಯಾರೂ ಎಣಿಸುವುದಿಲ್ಲ. ಖಾಲಿ ಬಿಟ್ಟರೆ ಬೈಸಿಕೊಳ್ಳುವವರು ನೀವು, ತುಂಬಿಸಿದರೆ ಯಾರೂ ಬೈಯುವುದಿಲ್ಲ ಎಂಬುದೂ ನನಗೆ ಗೊತ್ತು. ಅದಕ್ಕೇ ಈಗ ನನ್ನ ವರದಿಗಳಲ್ಲಿ ಖಾಲಿ ಅಂಕಣಗಳಿಗೆ ಅಂಕ ಕಳೆಯುವುದಿಲ್ಲ.

ಪ್ರಶ್ನೆ: ನಮ್ಮ ವೈದ್ಯರು ಬಹಳ ಒಳ್ಳೆಯವರು, ಸಮಾಧಾನದಿಂದ ಮಾತನಾಡುತ್ತಾರೆ. ಅದು ಗುಣಮಟ್ಟವಲ್ಲವೇ? (ಗೃಹಿಣಿಯೊಬ್ಬರು)

ಉತ್ತರ: ಗುಣಮಟ್ಟವೇ, ಆದರೆ ಅರ್ಧ. ಸಮಾಧಾನದ ಮಾತಿನ ಜೊತೆಗೆ ತಪ್ಪು ಮಾತ್ರೆಯನ್ನೂ ಕೊಡಬಹುದು, ರೋಗಿಗೆ ಗೊತ್ತಾಗುವುದು ಮಾತು ಮಾತ್ರ. ವೈದ್ಯರಿಗೆ ಗೊತ್ತಿರುವುದು ಒಂದು, ಮಾಡುವುದು ಇನ್ನೊಂದು ಆಗಿರುವುದೂ ಉಂಟು. ದೆಹಲಿಯಲ್ಲಿ ಕ್ಷಯದ ಲಕ್ಷಣಗಳನ್ನು ಅಭಿನಯಿಸಲು ತರಬೇತಾದ "ರೋಗಿ"ಗಳನ್ನು ಚಿಕಿತ್ಸಾಲಯಗಳಿಗೆ ಕಳಿಸಿ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಇಂಥ ರೋಗಿ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದಾಗ 69 ಚಿಕಿತ್ಸಕರಲ್ಲಿ 50 ಮಂದಿ ಎದೆಯ ಎಕ್ಸ್‌ರೇ ಅಥವಾ ಕಫ ಪರೀಕ್ಷೆ ಬರೆಯುತ್ತೇವೆ ಎಂದರು. ಅದೇ ರೋಗಿ ಎದುರಿಗೆ ಬಂದು ಕುಳಿತಾಗ ಬರೆದವರು 7 ಮಂದಿ. ಹಾಗಾಗಿ ನಿಮ್ಮ ಒಳ್ಳೆಯ ವೈದ್ಯರನ್ನು ಬಿಡಬೇಡಿ, "ಈ ಮಾತ್ರೆ ಯಾಕೆ?" ಎಂದು ಕೇಳುವುದನ್ನೂ ಬಿಡಬೇಡಿ. ನಿಜಕ್ಕೂ ಒಳ್ಳೆಯವರಾದರೆ ಮುಖ ಸಿಂಡರಿಸುವುದಿಲ್ಲ.

ಪ್ರಶ್ನೆ: ನೀವೇ ಆಸ್ಪತ್ರೆಗೆ ಸೇರಿದರೆ ಅಲ್ಲೂ ಅಳೆಯುತ್ತೀರಾ? (ಹೆಸರು ಬರೆದಿಲ್ಲ, ಕೈಬರಹ ತುಂಟತನದ್ದು)

ಉತ್ತರ: ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಸೇರಿದ್ದಾಗ ಮೊದಲು ಮಾಡಿದ್ದೇ ಕಾಲ ಬಳಿ ತೂಗುಹಾಕಿದ್ದ ಪಟ್ಟಿಯನ್ನು ಎಳೆದು ನೋಡಿದ್ದು. ಉಸಿರು: 20. ಗಡಿಯಾರ ಹಿಡಿದು ನಾನೇ ಎಣಿಸಿಕೊಂಡೆ, 14 ಬಂತು.

ಮರುದಿನ ಬೆಳಿಗ್ಗೆ ಬಂದ ಹುಡುಗಿ ಹೊಸಬಳು. ನಾಡಿ ಹಿಡಿದವಳು ಎಷ್ಟು ಹೊತ್ತಾದರೂ ಕೈ ಬಿಡಲಿಲ್ಲ, ಕಣ್ಣು ನನ್ನ ಎದೆಯ ಮೇಲಿತ್ತು. ಎಣಿಸುತ್ತಿದ್ದಾರೆಂದು ತಿಳಿದರೆ ಉಸಿರಿನ ಲಯ ಬದಲಾಗುತ್ತದೆ, ಅದಕ್ಕೇ ನಾಡಿ ನೋಡುವ ನೆಪದಲ್ಲಿ ಎಣಿಸಬೇಕೆಂದು ಅವರಿಗೆ ಕಲಿಸಿರುತ್ತಾರೆ. ಅವಳು ಕಲಿತದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದಳು. ತೊಂದರೆ ಎಂದರೆ ನನಗೂ ಅದು ಗೊತ್ತಿತ್ತು. ಟಾಂಜಾನಿಯಾದಲ್ಲಿ ಸಂಶೋಧಕರು ಬಂದು ಕುಳಿತ ಕೂಡಲೇ ವೈದ್ಯರು ಚೆನ್ನಾಗಿ ಕೆಲಸ ಮಾಡಿ, ಕ್ರಮೇಣ ಹಳೆಯ ಮಟ್ಟಕ್ಕೆ ಮರಳಿದ್ದನ್ನು ಎಷ್ಟು ಸಲ ಪಾಠ ಮಾಡಿದ್ದೇನೋ. ಈಗ ನನಗೇ ಸಹಜವಾಗಿ ಉಸಿರಾಡಲು ಆಗಲಿಲ್ಲ. ಒಂದು ನಿಮಿಷ ಪೂರ್ತಿ ಎಣಿಸಿ ಅವಳು 18 ಎಂದು ಬರೆದುಕೊಂಡು ಹೋದಳು.