ಓಜಿ ಹೋದ ಮೇಲಿನ ಸಬಾತ್

ಪತ್ರ: ಇಂಗ್ಲೆಂಡಿನ ಹೆವಿ ಮೆಟಲ್ ರಾಕ್ ತಂಡ ಬ್ಲ್ಯಾಕ್ ಸಬಾತ್‌ನ ಮೂಲ ಗಾಯಕ ಓಜಿ ಓಸ್ಬೋರ್ನ್ ನಿಧನದ ಲೇಖನದಲ್ಲಿ ಅರ್ಧ ಪುಟವನ್ನು ಆತನ ನಂತರ ಹಾಡಿದ ಡಿಯೋ, ಮಾರ್ಟಿನ್ ಮುಂತಾದವರಿಗೆ ಏಕೆ ಕೊಟ್ಟಿರಿ? 1979ರಲ್ಲಿ ಓಜಿಯನ್ನು ಹೊರಹಾಕಿದ ದಿನವೇ ಬ್ಲ್ಯಾಕ್ ಸಬಾತ್ ಮುಗಿಯಿತು. ಆಮೇಲಿನದೆಲ್ಲ ಹೆಸರಿನ ವ್ಯಾಪಾರ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡವನ್ನು ಕೇಳಿದವನು ನಾನು. ಮೆಟಲ್ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.
– ಓದುಗರೊಬ್ಬರು, ಧಾರವಾಡ

ಉತ್ತರ: ಅರಮನೆ ಮೈದಾನದ ಮಾತನ್ನು ನೀವೇ ತೆಗೆದಿರಿ, ನನ್ನ ಕೆಲಸ ಹಗುರವಾಯಿತು. ಅಂದು ನೀವು ಗಂಟಲು ಹರಿಯುವಂತೆ ಕೂಗಿ ಹುರಿದುಂಬಿಸಿದ ಗಾಯಕ ಬ್ರೂಸ್ ಡಿಕಿನ್ಸನ್ ಮೇಡನ್ ಸೇರಿದ್ದು 1981ರಲ್ಲಿ. ಮೊದಲೆರಡು ಆಲ್ಬಮ್ ಹಾಡಿದವನು ಪಾಲ್ ಡಿಯಾನೋ. ಆತನಿಗಿಂತ ಮುಂಚೆಯೂ ಅಲ್ಲಿ ಗಾಯಕರಿದ್ದರು. ನಿಮ್ಮ ಲೆಕ್ಕದಲ್ಲಿ ಅಂದಿನ ಟಿಕೆಟ್ಟಿನ ದುಡ್ಡೂ ಹೆಸರಿನ ವ್ಯಾಪಾರಕ್ಕೇ ಸಂದಿತು!

ಓಜಿ ದೊಡ್ಡವನು, ತಕರಾರಿಲ್ಲ. ಆ ಅಳುಕಿನ, ತುಸು ಮೂಗಿನ ಧ್ವನಿ ಇನ್ನೊಬ್ಬರಿಗೆ ಬರುವುದಿಲ್ಲ. ಆದರೆ ಹಾಡುಗಳ ಮಾತುಗಳಲ್ಲಿ ಹೆಚ್ಚಿನವು ಬಾಸ್ ನುಡಿಸುತ್ತಿದ್ದ ಗೀಜರ್ ಬಟ್ಲರ್‌ನವು. ಆ ಭಾರವಾದ ನಾದ ಗಿಟಾರ್ ವಾದಕ ಟೋನಿ ಐಯೋಮಿಯದು. ಹದಿನೇಳರ ವಯಸ್ಸಿನಲ್ಲಿ, ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯೊಂದರಲ್ಲಿ ಆತನ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಎಡಗೈ ವಾದಕನಾದ್ದರಿಂದ, ತಂತಿ ಒತ್ತಬೇಕಾದ ಬಲಗೈಯ ಬೆರಳುಗಳೇ. ಆತ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ, ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿದ. ಸಬಾತ್‌ನ ಪ್ರತಿಯೊಂದು ಆಲ್ಬಮ್‌ನಲ್ಲೂ ಇರುವವನು ಆತನೊಬ್ಬನೇ.

ಓಜಿಯನ್ನು ಕಳುಹಿಸಿದಾಗ ತಂಡ ಕುಡಿತ, ಅಮಲಿನಲ್ಲಿ ಮುಳುಗಿತ್ತು. ಸುದ್ದಿ ಮುಟ್ಟಿಸುವ ಕೆಲಸ ಡ್ರಮ್ಮರ್ ಬಿಲ್ ವಾರ್ಡ್ ತಲೆಗೆ ಬಿತ್ತು. ಮರುವರ್ಷವೇ ರಾನಿ ಜೇಮ್ಸ್ ಡಿಯೋ ಹಾಡಿದ 'ಹೆವನ್ ಅಂಡ್ ಹೆಲ್' ಆಲ್ಬಮ್ ಬಂತು. ಎರಡು ಹಾಡು ಅಕ್ಕಪಕ್ಕ ಇಟ್ಟು ಕೇಳಿ. 'ಐರನ್ ಮ್ಯಾನ್'ನಲ್ಲಿ ಓಜಿ ಗಿಟಾರ್ ಹೋದ ದಾರಿಯಲ್ಲೇ, ಅದೇ ಸ್ವರ ಹಿಡಿದು ನಡೆಯುತ್ತಾನೆ. 'ಹೆವನ್ ಅಂಡ್ ಹೆಲ್' ಶೀರ್ಷಿಕೆ ಗೀತೆಯಲ್ಲಿ ಡಿಯೋ ಬಾಯಿ ತೆರೆಯುತ್ತಲೇ ಐಯೋಮಿ ಕೈ ತಡೆದು ದಾರಿ ಬಿಡುತ್ತಾನೆ, ಕೆಳಗೆ ಬಾಸ್ ಒಂದೇ ಮಿಡಿಯುತ್ತಿರುತ್ತದೆ. ಹೆಸರು ಮಾರಲು ಕೂತವರು ಹಳೆಯದನ್ನೇ ಮತ್ತೆ ಅಚ್ಚು ಹೊಡೆಯುತ್ತಾರೆ, ಹೀಗೆ ಹೊಸ ನಡಿಗೆ ಕಲಿಯುವ ಗೋಜಿಗೆ ಹೋಗುವುದಿಲ್ಲ.

ಇಯಾನ್ ಗಿಲನ್ ಗಾಯಕನಾಗಿದ್ದ 1983ರ ವರ್ಷ ತಮಾಷೆಯದು. ವೇದಿಕೆಯ ಅಲಂಕಾರಕ್ಕೆ ಅಡಿಗಳ ಅಳತೆಯಲ್ಲಿ ಬೇಕಿದ್ದ, ಇಂಗ್ಲೆಂಡಿನ ಪುರಾತನ ಶಿಲಾವೃತ್ತ ಸ್ಟೋನ್‌ಹೆಂಜ್‌ನ ಮಾದರಿ ಕಲ್ಲುಗಳು ಮೀಟರಿನಲ್ಲಿ ತಯಾರಾಗಿ ವೇದಿಕೆಗೆ ಹಿಡಿಸದೇ ಹೋದದ್ದನ್ನು ತಂಡದವರೇ ಹೇಳಿಕೊಂಡು ನಗುತ್ತಾರೆ. ನನ್ನ ಹೊಟ್ಟೆ ಉರಿಯುವುದು ಟೋನಿ ಮಾರ್ಟಿನ್ ವಿಷಯಕ್ಕೆ. ಬರ್ಮಿಂಗ್‌ಹ್ಯಾಮಿನದೇ ಮನುಷ್ಯ. 1987ರಲ್ಲಿ ಇನ್ನೊಬ್ಬ ಗಾಯಕ ಹಾಡಿಟ್ಟು ಹೋದ ಆಲ್ಬಮ್ಮನ್ನು ಮತ್ತೆ ಹಾಡಿಕೊಟ್ಟು ಒಳಗೆ ಬಂದ. ಒಟ್ಟು ಐದು ಆಲ್ಬಮ್ ಹಾಡಿದ. ಅವುಗಳಲ್ಲಿ ಕೊನೆಯ ನಾಲ್ಕು ವರ್ಷಗಟ್ಟಲೆ ಅಂಗಡಿಯಲ್ಲಿ ಸಿಗದೆ, 2024ರಲ್ಲಿ ಒಟ್ಟಿಗೆ ಮರುಬಿಡುಗಡೆಯಾದವು. 2006ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಬಾತ್‌ಗೆ ಗೌರವ ಕೊಟ್ಟಾಗ ಕರೆದದ್ದು ಮೂಲ ನಾಲ್ವರನ್ನೇ. ಡಿಯೋಗೂ ಜಾಗವಿರಲಿಲ್ಲ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದ ವಿದಾಯ ಕಛೇರಿಯಲ್ಲಿ ಸಬಾತ್ ನುಡಿಸಿದ ನಾಲ್ಕೂ ಹಾಡು 1970ರವು. ಓಜಿಯ ಬೀಳ್ಕೊಡುಗೆಗೆ ಅದು ಸರಿಯೇ. ಆದರೆ ಮರುದಿನದ ಪತ್ರಿಕೆಗಳೂ 1970ರಲ್ಲೇ ಕೂತಿದ್ದವಲ್ಲ!

ಈ ಚಾಳಿ ಇಂಗ್ಲೆಂಡಿನದಷ್ಟೇ ಅಲ್ಲ. ನಮ್ಮ ಯಾವುದೇ ಸಂಘದ ಕಚೇರಿಗೆ ಹೋಗಿ ನೋಡಿ. ಸ್ಥಾಪಕರ ಫೋಟೋಗೆ ಗಂಧದ ಹಾರ. ಅವರ ನಂತರ ಸಾಲ ತೀರಿಸಿ, ಛಾವಣಿ ಹೊದಿಸಿ, ಇಪ್ಪತ್ತು ವರ್ಷ ಬಾಗಿಲು ತೆರೆದಿಟ್ಟ ಕಾರ್ಯದರ್ಶಿಯ ಹೆಸರು ಕೇಳಿದರೆ ಜವಾನನೂ ತಲೆ ಕೆರೆದುಕೊಳ್ಳುತ್ತಾನೆ. ಶತಮಾನೋತ್ಸವ, ಜಯಂತಿ, ಪುಣ್ಯತಿಥಿ ಬಿಟ್ಟರೆ ನಮ್ಮ ಪತ್ರಿಕೆಗಳಿಗೂ ಸಂಗೀತ ನೆನಪಾಗುವುದಿಲ್ಲ.

ನೀವು ಕೆಟ್ಟ ಕೇಳುಗರಲ್ಲ. ಸಿಟ್ಟು ಮಾಡಿಕೊಂಡು ಎರಡು ಪುಟ ಬರೆಯುವವರು ಈಗ ಎಷ್ಟು ಮಂದಿ ಇದ್ದಾರೆ? ಮುಂದಿನ ಪತ್ರಕ್ಕೆ ಮುನ್ನ ಮಾರ್ಟಿನ್ ಹಾಡಿದ 1989ರ 'ಹೆಡ್‌ಲೆಸ್ ಕ್ರಾಸ್' ಆಲ್ಬಮ್ ಪೂರ್ತಿ ಕೇಳಿ. ಆಮೇಲೂ ಬೈಯಬೇಕೆನಿಸಿದರೆ ಬೈಯಿರಿ, ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ. ಆತನದೇ 1995ರ 'ಫರ್ಬಿಡನ್' ತಂಟೆಗೆ ಮಾತ್ರ ಹೋಗಬೇಡಿ. ಅದರ ವಿಷಯದಲ್ಲಿ ನಿಮ್ಮ ಪತ್ರಕ್ಕೆ ನನ್ನದೂ ಒಂದು ಸಹಿ ಇರಲಿ.
– ಸಂಪಾದಕ